ಕಂಕುಳ ಅಳತೆ

ಕೊಳವೆಗೆ ಕೊಳವೆ ಕೂರಬೇಕಾದರೆ
ಒಂದರ ತುದಿ ಮೀನಿನ ಬಾಯಿಯಂತೆ ತೆರೆದಿರಬೇಕಂತೆ.
ಮೂರು ದಿನ ಗ್ರೈಂಡರ್ ಹಿಡಿದು ಉಜ್ಜಿದ,
ಮೂರು ದಿನವೂ ಸಂದಿಯಲ್ಲಿ ಬೆಳಕು ತೂರಿತು.
ನಾಲ್ಕನೆಯ ದಿನ ನಾನು ಹೊಲಿಗೆ ಮಿಷನ್ ಬಿಟ್ಟು ಎದ್ದು ಬಂದೆ,
ಹೋದ ವರ್ಷದ ಕ್ಯಾಲೆಂಡರಿನ ಹಾಳೆ ಕತ್ತರಿಸಿ
ಕೊಳವೆಗೆ ಸುತ್ತಿ ತೋರಿಸಿದೆ:
ಇದು ರವಿಕೆಯ ತೋಳು ಕಣಯ್ಯಾ,
ಅದು ಕಂಕುಳು.
ಇಪ್ಪತ್ತಾರು ವರ್ಷದಿಂದ ಮಲವಗೊಪ್ಪದ ಅರ್ಧ ಹೆಂಗಸರಿಗೆ
ಇದನ್ನೇ ಕೂರಿಸುತ್ತಾ ಬಂದಿದ್ದೇನೆ.

ತೀರ್ಥಪ್ಪ ಹಾಳೆ ನೋಡಿದ, ನನ್ನ ನೋಡಿದ,
ಸೀಮೆಸುಣ್ಣ ಕೇಳಿದ.

ಅಂದಿನಿಂದ ನಾನೂ ತಗಡಿನ ಶೆಡ್ಡಿನ ಕೂಲಿ.
ಬಗ್ಗಿಸುವಾಗ ಕೊಳವೆ ನಜ್ಜಾಗದಿರಲೆಂದು
ಮನೆ ಕಟ್ಟಿ ಉಳಿದಿದ್ದ ತುಂಗೆಯ ಮರಳು ಹುರಿದು
ಕುಟ್ಟಿ ಕುಟ್ಟಿ ತುಂಬಿದೆ. ಅವನು ಬೂಚು ಜಡಿದ.
(ಚಕ್ಕುಲಿಯ ಬಾಣಲೆ ಇನ್ನು ಚಕ್ಕುಲಿಗೆ ಆಗುವುದಿಲ್ಲ.)
ಮುಂದಕ್ಕೆ ಎರಡು ಜಾರುಹಲಗೆ, ನೀಲಿ ಡ್ರಮ್ಮು ಸೀಳಿದ್ದು;
ಹಿಂದಕ್ಕೆ ಭದ್ರಾವತಿಯ ಗುಜರಿಯಿಂದ
ಕೆ.ಜಿ. ಲೆಕ್ಕದಲ್ಲಿ ತಂದ ಕನ್ವೇಯರ್ ಬೆಲ್ಟು;
ನಡುವೆ ಎರಡು ಸಿಲಿಂಡರಿನ ಮುದಿ ಯಮಹಾ,
ಬೆಳಗಾದರೆ ಕೆಮ್ಮುತ್ತದೆ.

ಟಿಲ್ಲರ್ರಾ ಅಕ್ಕಾ? ಹಾಲಿನ ಪರಮೇಶಿ ಕೇಳಿದ.
ಹಿಮದ ಮೇಲೆ ಓಡುವ ಗಾಡಿ, ಅಂದೆ.
ನಮ್ಮಲ್ಲಿ ಹಿಮ ಅಂದರೆ
ಫ್ರಿಜ್ಜಿನೊಳಗೆ ಚಮಚದಲ್ಲಿ ಕೆರೆದು ತೆಗೆಯುವುದು.
ಅವನು ಅರ್ಧ ಲೀಟರ್ ಅಳೆದು ಕೊಟ್ಟು
ಮತ್ತೇನೂ ಕೇಳದೆ ಹೋದ.

ಹದಿನೇಳು ವರ್ಷ ಪಟಾಲಮ್ಮಿನಲ್ಲಿದ್ದವನು ನನ್ನ ಗಂಡ.
ಎಡಗಾಲಿನ ಎರಡು ಬೆರಳು ಅಲ್ಲೇ ಎಲ್ಲೋ.
ಯಾರನ್ನು ಕರೆತರಲು ಹೋಗಿದ್ದ, ಎಲ್ಲಿ ನಿಂತಿತು,
ಅವನು ಹೇಳಿಲ್ಲ. ನಾನು ಕೆದಕಿಲ್ಲ.
ಆ ಗಾಡಿ ಭಾರ ಇತ್ತು, ಅನ್ನುತ್ತಾನೆ.
ಭಾರ ಇತ್ತು, ಹುಗೀತು.
ಅದಕ್ಕೇ ಇರಬೇಕು, ನಟ್ಟು ಬೋಲ್ಟನ್ನೂ ತಕ್ಕಡಿಗೆ ಹಾಕಿ
ನನ್ನ ಲೆಕ್ಕದ ಪುಸ್ತಕದಲ್ಲೇ ಬರೆಯುತ್ತಾನೆ:
ಶಾರದಮ್ಮ ಟೀಚರ್, ಫಾಲ್ ಪಿಕೊ, ನೂರ ಇಪ್ಪತ್ತು,
ಅದರ ಕೆಳಗೆ
ಹ್ಯಾಂಡಲ್, ಒಂಬೈನೂರು ಗ್ರಾಂ.

ಮಾರ್ಚಿನ ಭಾನುವಾರ. ರೈಸ್ ಮಿಲ್ಲಿನ ಹಿತ್ತಿಲಲ್ಲಿ
ಎರಡಾಳು ಎತ್ತರದ ಹೊಟ್ಟಿನ ಗುಡ್ಡ.
ಕಿಡಿ ಬಿದ್ದೀತು ಅಂತ ಮಿಲ್ಲಿನ ಯೂಸುಫ್ ಸಾಬರು
ನಾಲ್ಕು ಬಕೆಟ್ ನೀರು ಇಡಿಸಿ
ತಾವು ಕುರ್ಚಿ ಹಾಕಿಸಿಕೊಂಡರು.
ಮೊದಲ ಸಲ ಗಾಡಿ ನಿಂತಲ್ಲೇ ತೋಡಿ
ಹೆಗ್ಗಣದಂತೆ ಹೂತುಕೊಂಡಿತು.
ಎರಡನೇ ಸಲ ಬೆಲ್ಟು ಜಾರಿತು.
ಬಿಗಿ ಮಾಡಿ, ಬೆವರು ಒರೆಸಿ,
ಅವನು ನನ್ನತ್ತ ನೋಡದೆ ಹೇಳಿದ: ನೀನು ಹತ್ತು.
ಹಿಂದೆ ಒಬ್ಬರು ಇದ್ದಾಗ ಹೋಗಬೇಕು ಇದು.
ಖಾಲಿ ಹೋದರೆ ಏನು ಬಂತು.

ಅರವತ್ತೆಂಟು ಕೆ.ಜಿ. ನಾನು. ಅದನ್ನು ಅವನು ಬರೆದುಕೊಳ್ಳಲಿಲ್ಲ.
ಸೆರಗು ಸಿಕ್ಕಿಸಿ ಕೂತೆ, ಅವನ ಬೆಲ್ಟು ಹಿಡಿದೆ.
ಯಮಹಾ ಕಿರುಚಿತು, ಮೂಗು ಮೇಲೆತ್ತಿತು,
ಹಿಂದಿನಿಂದ ಹೊಟ್ಟು ಎದ್ದು
ಕಣ್ಣು, ಕಿವಿ, ಕುಂಕುಮ, ಎಲ್ಲಾ ಮುಚ್ಚಿ
ಬಿಸಿಲಿನಲ್ಲಿ ಸುಮ್ಮನೆ ಇಳಿಯುತ್ತಲೇ ಇತ್ತು.
ಏರಿತು. ಏರುತ್ತಲೇ ಹೋಯಿತು.
ನೆತ್ತಿಯಲ್ಲಿ ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ.
ತಿರುಗಿಯೂ ನೋಡಲಿಲ್ಲ, ಕೈ ಮಾತ್ರ ಹಿಂದಕ್ಕೆ ಚಾಚಿ
ಮೊಣಕಾಲು ತಡವಿ ಕೇಳಿದ:
ಇದ್ದೀಯಾ?

ಅವನ ದನಿ ನನಗೆ ಗೊತ್ತು.
ಅದು ನನ್ನನ್ನು ಕೇಳಿದ್ದಲ್ಲ.
ಆದರೂ ಬಾಯೊಳಗಿನ ಹೊಟ್ಟು ಉಗುಳಿ
ಇದ್ದೇನೆ, ಅಂದೆ.
ಇದ್ದೇನೆ ಇದ್ದೇನೆ, ಕೆಳಗಿಳಿಸು.

ಇಳಿಜಾರಿನಲ್ಲಿ ಕೊಳವೆಯೊಳಗೆ ಉಳಿದ ಹಿಡಿ ಮರಳು
ಸರ್ರನೆ ಮುಂದಕ್ಕೆ ಸರಿದದ್ದು ಕೇಳಿಸಿತು.
ತೂಕದ ಪಟ್ಟಿಯಲ್ಲಿ ಅದಿಲ್ಲ, ನಾನೂ ಹೇಳಲಿಲ್ಲ.
ಎಡಗಡೆಯ ಮುಂದಿನ ಕಂಕುಳು ಬಿರುಕು ಬಿಟ್ಟಿದೆ.
ನಾಳೆ ಅಳತೆ ತೆಗೆಯಬೇಕು,
ಏಪ್ರಿಲ್ ತಿಂಗಳ ಹಾಳೆ ಇನ್ನೂ ಹಾಗೇ ಇದೆ.