ಇತರೆ

ಶಾಲೆಗೆ ಒಂದು ವಾರ ರಜೆ ಕೊಟ್ಟಿದ್ದಾರೆ.
ಬೆಂಚು ಬೆಂಚು ಜೋಡಿಸಿ ಮೇಲೊಂದು ದುಪ್ಪಟಿ ಹಾಸಿದರೆ
ಮಂಚ. ಕಪ್ಪುಹಲಗೆಯ ಮೇಲೆ
ಶುಕ್ರವಾರದ ಭಾಗಾಕಾರ ಹಾಗೇ ಉಳಿದಿದೆ:
ಶೇಷ ಮೂರು.

ನನ್ನ ಕೆಲಸ ಮಾತು ದಾಟಿಸುವುದು.
ಡಾಕ್ಟರಮ್ಮ ಸಿಗ್ರುನ್ ನಾರ್ವೆಯವಳು,
ತನ್ನ ರಜೆ ಸುರಿದು, ವಿಮಾನದ ದುಡ್ಡು ತಾನೇ ಹಾಕಿ
ನೆಬಾಹ್ ದಾಟಿ, ಕಾರು ಹತ್ತದ ದಾರಿ ಹತ್ತಿ ಬಂದವಳು.
ಅವಳ ಕುಂಟು ಸ್ಪ್ಯಾನಿಷನ್ನು ನಾನು ಇಶಿಲಿಗೆ ತಿರುಗಿಸಬೇಕು,
ನಮ್ಮವರ ಇಶಿಲನ್ನು ಸ್ಪ್ಯಾನಿಷಿಗೆ.
ಕೆಮ್ಮಿಗೆ ಮಾತ್ರ ನಾನು ಬೇಕಾಗಲಿಲ್ಲ.

"ನೋವು ಒಂದರಿಂದ ಹತ್ತರೊಳಗೆ ಎಷ್ಟು, ಕೇಳು."
ಕೇಳಿದೆ.
ಎಂಗ್ರಾಸಿಯಾ ಕೋಬೊ ಸೆರಗಿನ ನೂಲು ಎಳೆಯುತ್ತ ಯೋಚಿಸಿದಳು.
"ಬೆಳಿಗ್ಗೆ ಅದು ಕೂಸು, ಬೆನ್ನಿಗೆ ಕಟ್ಟಿಕೊಂಡರೆ ನಿದ್ದೆ ಹೋಗುತ್ತೆ.
ಕಟ್ಟಿಗೆ ಹೊತ್ತು ಇಳಿಜಾರಿಗೆ ಬಂದಾಗ
ಎದ್ದು ನನ್ನ ಕೂದಲು ಹಿಡಿಯುತ್ತೆ.
ರಾತ್ರಿ ಗಂಡ ಮಲಗುತ್ತಿದ್ದ ಜಾಗದಲ್ಲಿ
ಕಾಲು ಚಾಚಿ ಮಲಗುತ್ತೆ."

ಏಳು, ಅಂದೆ ನಾನು.
ಡಾಕ್ಟರಮ್ಮ ಏಳು ಅಂತ ಬರೆದುಕೊಂಡಳು.

"ಒಲೆಯ ಹೊಗೆ ಕುಡಿಯಬಾರದು ಅಂತ ಹೇಳು."
ಹೇಳಿದೆ.
ಎಂಗ್ರಾಸಿಯಾ ನಕ್ಕಳು.
ಅದನ್ನು ನಾನು ದಾಟಿಸಲಿಲ್ಲ.

ಮಧ್ಯಾಹ್ನ ಗಾಸ್ಪರ್ ಸೇತೊ ಬಂದ,
ಟೋಪಿ ತೆಗೆದು ಮೊಣಕಾಲ ಮೇಲಿಟ್ಟ.
ಫಾರ್ಮಿನಲ್ಲಿ ಹನ್ನೆರಡನೆಯ ಪ್ರಶ್ನೆ:
ತಂದೆ ತೀರಿಕೊಂಡದ್ದು ಯಾವುದರಿಂದ?
ಎದುರಿಗೆ ಪುಟ್ಟ ಪುಟ್ಟ ಚೌಕ.
ಹೃದಯ. ಸಕ್ಕರೆ. ಕ್ಷಯ. ಕ್ಯಾನ್ಸರ್. ಇತರೆ.

ಗಾಸ್ಪರ್ ಕಿಟಕಿಯಾಚೆ ನೋಡಿದ.
ಗುಡ್ಡದ ಹೆಗಲ ಮೇಲೆ ಅಲ್ಲೊಂದು ಊರಿತ್ತು.
ಈಗ ಪೈನ್ ಮರಗಳಿವೆ,
ಎಲ್ಲವೂ ಒಂದೇ ವಯಸ್ಸಿನವು.
"ಸೈನಿಕರಿಂದ" ಅಂದ.
"ಅಪ್ಪ, ಅವನ ತಮ್ಮ, ಅಜ್ಜಿ. ಒಂದೇ ಬೆಳಿಗ್ಗೆ."

ಇದನ್ನು ಸ್ಪ್ಯಾನಿಷಿಗೆ ದಾಟಿಸುವುದು ಕಷ್ಟವಾಗಲಿಲ್ಲ.
ಆವತ್ತಿನ ಹುಕುಂ ಬಂದದ್ದೂ
ಅದೇ ಭಾಷೆಯಲ್ಲಿ.

ಸಿಗ್ರುನಳ ಪೆನ್ನು ನಿಂತಿತು.
ಹೊರಗೆ ಸಾಲಿನಲ್ಲಿ ನಲವತ್ತು ಜನ, ಯಾರದೋ ಕೋಳಿ.
ಕೊನೆಗೆ ಕೊನೆಯ ಚೌಕಕ್ಕೆ ಗುರುತು ಹಾಕಿದಳು.
ಫಾರ್ಮನ್ನು ಬೋರಲು ಹಾಕಿ
ನೆಲಕ್ಕೆ ಕೂತು, ಗಾಸ್ಪರನ ಪಾದವನ್ನು ತೊಡೆಯ ಮೇಲೆ ಎತ್ತಿಕೊಂಡು
ರಬ್ಬರು ಬೂಟಿನೊಳಗೆ ಕೊಳೆತ ಹೆಬ್ಬೆರಳನ್ನು ತೊಳೆದಳು,
ಮುಕ್ಕಾಲು ಗಂಟೆ.
ಅವನೂ ಮಾತಾಡಲಿಲ್ಲ, ಅವಳೂ ಇಲ್ಲ.
ಇಡೀ ವಾರದಲ್ಲಿ ನನಗೆ ಬಿಡುವು ಸಿಕ್ಕಿದ್ದು
ಅದೊಂದೇ ಸಲ.

ಎಂಟನೆಯ ದಿನ ಅವರು ಹೊರಟರು.
ಮನೆಗೊಂದು ಡಬ್ಬಿ, ಡಬ್ಬಿಯಲ್ಲಿ ಮೂವತ್ತು ಮಾತ್ರೆ.
ತನ್ನ ಬೂಟುಗಳನ್ನು ನನಗೆ ಕೊಟ್ಟು
ಬರಿಯ ಚಪ್ಪಲಿಯಲ್ಲಿ ಕೆಸರಿಗಿಳಿದಳು ಸಿಗ್ರುನ್.
"ಮುಂದಿನ ವರ್ಷ" ಅಂದಳು, ಅತ್ತಳು.
ಆ ಎರಡು ಪದವನ್ನು ಸಾಲಿನುದ್ದಕ್ಕೂ ದಾಟಿಸುತ್ತ ಹೋದೆ.
ತುದಿ ಮುಟ್ಟುವ ಹೊತ್ತಿಗೆ
ಅದು ಬರೀ "ಹೋಗಿಬರುತ್ತೇನೆ" ಆಗಿತ್ತು.

ಮೂವತ್ತೊಂದನೆಯ ದಿನ
ಎಂಗ್ರಾಸಿಯಾ ನನ್ನ ಬಾಗಿಲಿಗೆ ಬಂದಳು,
ಖಾಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು,
ಮೊಟ್ಟೆ ತಂದವಳ ಹಾಗೆ.
"ನೀನು ಅವಳ ಬಾಯಿ ಅಲ್ಲವೇನೆ?"

ಬಾಯಿ ಹೌದು. ಮಾತ್ರೆ ಇದ್ದದ್ದು ಕೈಯಲ್ಲಿ,
ಆ ಕೈ ಸಮುದ್ರದಾಚೆ.

ಏನು ಹೇಳಲಿ. ಅಭ್ಯಾಸಬಲದಿಂದ ಕೇಳಿದೆ,
"ಈಗ ಎಷ್ಟು ನೋವು, ಒಂದರಿಂದ ಹತ್ತರೊಳಗೆ?"

"ನೀನೇ ಹೇಳು" ಅಂದಳು.
"ಆವತ್ತು ಹೇಳಿದ್ದೂ ನೀನೇ.
ಸಂತೆಯಲ್ಲಿ ಹುರುಳಿ ಮಾರುವವಳು ನಾನು,
ಸ್ಪ್ಯಾನಿಷಿನಲ್ಲಿ ಏಳು ಅಂದರೆ ಏಳೇ
ಅಂತ ನನಗೆ ಗೊತ್ತಾಗುವುದಿಲ್ಲವೇ?"

ಮಾರನೆಯ ನಸುಕಿಗೆ ನೆಬಾಹಿನ ಬಸ್ಸಿಗೆ ನಿಂತೆವು, ಇಬ್ಬರೂ.
ಔಷಧಿ ಅಂಗಡಿಯವನಿಗೆ ತೋರಿಸಲು ಡಬ್ಬಿಯ ಮೇಲಿನ ಹೆಸರು ಸಾಕು.
ಬೂಟು ನನಗೆ ಒಂದು ಬೆರಳು ದೊಡ್ಡದು.
ಡಬ್ಬಿಯನ್ನು ಖಾಲಿ ಒಯ್ಯಬಾರದೆಂದು
ಅವಳು ಅದರಲ್ಲಿ
ದಾರಿಯ ರೊಟ್ಟಿಗೆ ಉಪ್ಪು ತುಂಬಿ ತಂದಿದ್ದಳು.