ಎರಡನೇ ಪಾಳಿ

ವೂಚ್ ನಗರ. ಮುಚ್ಚಿದ ನೂಲಿನ ಗಿರಣಿಯ ಅಡಿಯಲ್ಲಿ
ಹದಿನಾಲ್ಕು ಕುರ್ಚಿ. ಒಂದಕ್ಕೆ ಕಾಲು ಮೂರೇ,
ಗೋಡೆಗೊರಗಿಸಿ ಅದರ ಮೇಲೆ ನಮ್ಮ ಕೋಟು.

ಮೊದಲು ಲೆಶೆಕ್. ಗರಗಸವನ್ನು
ಮಂಡಿಗಳ ನಡುವೆ ಬಗ್ಗಿಸಿ ಕಮಾನು ಎಳೆದ:
ನೆಗಡಿಯಾದ ದೆವ್ವ ಹಾಡಿದಂತೆ.
ನಕ್ಕೆವು. ಅವನೂ ನಕ್ಕ, ಶ್ರುತಿ ತಪ್ಪಿತು,
ತಪ್ಪಿದ್ದೇ ಚೆನ್ನಾಗಿತ್ತು.

ಆಮೇಲೆ ಎಪ್ಪತ್ತೊಂದರ ಬೊಗುಮಿವಾ,
ಮೇಲಿನ ಗಿರಣಿಯಲ್ಲೇ ಸವೆದ ಪಾದ
ಹೊಲಿಗೆ ಯಂತ್ರದ ಪೆಡಲಿನ ಮೇಲೆ.
ಸೂಜಿಯ ಪಕ್ಕ ಮೈಕು. ಬಟ್ಟೆಯಿಲ್ಲ, ದಾರವಿಲ್ಲ.
ಟಕಟಕ ಟಕಟಕ ಟ—
ನಿಲ್ಲಿಸಿದಳು. ಬಲ್ಬೊಂದು ಗುಂಯ್ ಎನ್ನುತ್ತಿತ್ತು,
ಅದಕ್ಕೂ ಒಂದು ಸರದಿ ಕೊಟ್ಟಳು.

ಮತ್ತೆ ಟಕಟಕ.
ಪಕ್ಕದ ಮುದುಕ ಕಿವಿಯ ಯಂತ್ರ ಕಿತ್ತು
ಜೇಬಿಗಿಟ್ಟ. ಬೂಟು ಬಿಚ್ಚಿ
ನೆಲಕ್ಕೆ ಅಂಗಾಲು ಊರಿದ.
‘ಎರಡನೇ ಪಾಳಿ’ ಎಂದ,
ತಾನು ಪಿಸುಗುಡುತ್ತಿದ್ದೇನೆ ಎಂದುಕೊಂಡು,
ಎಲ್ಲರಿಗೂ ಕೇಳುವಷ್ಟು ಜೋರಾಗಿ.