ಮೂರನೇ ಕೋಣೆ, ತ್ಬಿಲಿಸಿ

ಕಾಲಿಗಿಂತ ಮೊದಲು ಕಣ್ಣು ಸೋತಿತು.
ಸಂತರು, ದ್ರಾಕ್ಷಿ, ಕುದುರೆಗಳು, ಮತ್ತೆ ಸಂತರು.

ಮೂರನೇ ಕೋಣೆಯ ಗೋಡೆಯಲ್ಲಿ
ಬರೀ ಮೊಳೆ. ಅದರ ಕೆಳಗೆ
ಬಿಸಿಲು ತಾಗದೆ ಉಳಿದ ಒಂದು ಚೌಕ ಹಸಿರು.

ಎದೆಯ ಬಿಲ್ಲೆಯಲ್ಲಿ ಲಮಾರಾ ಎಂದಿದ್ದಾಕೆ
ಹೆಣಿಗೆ ಕೆಳಗಿಟ್ಟು ಎದ್ದಳು.
ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ.
ಬಟ್ಟೆ ಹಿಂಡುವ ಹಾಗೆ ಕೈ ತಿರುವಿದಳು:
ತೊಳೆಯಲು ಹೋಗಿದೆ.

ಆಮೇಲೆ ಬೆರಳಲ್ಲಿ ಗಾಳಿಗೆ ಬರೆದಳು
ಹಸು. ಅದರ ಕೊಂಬು. ಕೆಚ್ಚಲಡಿ ಕೂತ ಹೆಂಗಸು.
ಮುಖ ಬಂದಾಗ ತಡೆದು
ತನ್ನದನ್ನೇ ಮುಟ್ಟಿಕೊಂಡು ನಕ್ಕಳು.

ಐದಕ್ಕೆ ಗಂಟೆ. ಒಂದೊಂದೇ ದೀಪ ಆರಿಸುತ್ತಾ
ಆ ಖಾಲಿ ಚೌಕದ್ದನ್ನೂ
ಮರೆಯದೆ ಆರಿಸಿದಳು.

ಹೊರಗೆ ಬಿಸಿ ರೊಟ್ಟಿ ಕೊಂಡೆ.
ಕೊಂಬು ಯಾವ ಕಡೆ ಬಾಗಿತ್ತು
ಎಂದು ನೆನೆಯುತ್ತಾ
ಚಿಲ್ಲರೆ ಅಲ್ಲೇ ಬಿಟ್ಟು ಬಂದೆ.